ಏಳು ದಿನ ಒಲೆ ಹಚ್ಚಲಿಲ್ಲ

"ಹಡಗಿನಲ್ಲಿ ಹೋಗಿ ನೋಡೋದೆಂತದು? ಸುತ್ತ ನೀರು, ಮೇಲೆ ಮೋಡ. ಜೂನ್ ತಿಂಗಳಲ್ಲಿ ನಮ್ಮ ಮನೆ ಜಗಲಿ ಮೇಲೆ ಕೂತರೆ ಅದೇ ಕಾಣ್ತದಲ್ಲ!"

ಅಲಾಸ್ಕಾ ಪ್ರವಾಸದ ಸುದ್ದಿ ಎತ್ತಿದಾಗ ನಮ್ಮವರು ಹೇಳಿದ್ದು ಇಷ್ಟೇ. ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರಿಗೆ ಜೂನ್ ಎಂದರೆ ಕೊಳೆರೋಗಕ್ಕೆ ಔಷಧಿ ಹೊಡೆಸುವ ಕಾಲ. ಆಗ ಅವರನ್ನು ತೋಟದಿಂದ ಹೊರಡಿಸಲು ದೇವರಿಂದಲೂ ಆಗದು. ಹಾಗಾಗಿ ಸಿಯಾಟಲ್ ನಗರದಲ್ಲಿರುವ ಮಗಳ ಮನೆಗೆ ನಾನೊಬ್ಬಳೇ ಹೊರಟೆ.

ಅಮೆರಿಕಕ್ಕೆ ಇದು ನನ್ನ ಮೂರನೆಯ ಪ್ರಯಾಣ. ಮೊದಲೆರಡು ಸಲ ಹೋದದ್ದು ಮಗಳ ಎರಡು ಬಾಣಂತನಕ್ಕೆ. ಓದುಗ ಸೋದರಿಯರಲ್ಲಿ ಎಷ್ಟೋ ಜನರಿಗೆ ಆ ಅನುಭವ ಇದ್ದೇ ಇರುತ್ತದೆ. ಸೂಟ್‌ಕೇಸಿನ ತುಂಬ ಮೆಂತ್ಯದ ಹಿಟ್ಟು, ಅಂಟಿನುಂಡೆ, ಓಮ, ಬಜೆ. ಆರು ತಿಂಗಳು ಇದ್ದು ಬಂದ ಮೇಲೆ ನೆಂಟರು "ಅಮೆರಿಕ ಹೇಗುಂಟು?" ಎಂದು ಕೇಳಿದರೆ ಹೇಳಲು ನನಗೆ ಗೊತ್ತಿದ್ದುದು ಮಗಳ ಅಡಿಗೆಮನೆ, ಅದರ ಕಿಟಕಿಯಾಚೆಯ ಒಂದು ಮೇಪಲ್ ಮರ, ಅಷ್ಟೇ. "ಈ ಸಲ ನೀನು ಸೌಟು ಮುಟ್ಟಕೂಡದು" ಎಂದು ಮಗಳು ನಾನು ಬರುವ ಮೊದಲೇ ಹಡಗಿನ ಟಿಕೆಟ್ ತೆಗೆದಿಟ್ಟಿದ್ದಳು. ಅಳಿಯನಿಗೆ ರಜೆ ಸಿಗಲಿಲ್ಲ. ಹೊರಟವರು ನಾವು ನಾಲ್ವರು: ನಾನು, ಮಗಳು, ಹನ್ನೊಂದು ವರ್ಷದ ಮೊಮ್ಮಗಳು, ಏಳು ವರ್ಷದ ಮೊಮ್ಮಗ.

ಸೌಟು ಮುಟ್ಟಕೂಡದು ಎಂದರೂ ಹೆಂಗಸಿನ ಬುದ್ಧಿ ಕೇಳಬೇಕಲ್ಲ! ಏಳು ದಿನ ಮಕ್ಕಳಿಗೆ ಅನ್ನ ಸಾರಿಲ್ಲದೆ ಹೇಗೆ ಎಂದು ಮಗಳಿಗೆ ಹೇಳದೆ ಸೀರೆಗಳ ನಡುವೆ ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಸುತ್ತಿ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದಂತೆ ಇಲ್ಲಿಯೂ ಪೆಟ್ಟಿಗೆಗಳನ್ನು ಯಂತ್ರದೊಳಗೆ ಹಾಯಿಸುತ್ತಾರೆಂದು ನನಗೇನು ಗೊತ್ತು? ಮುನ್ನೂರು ಜನರ ಸಾಲಿನ ಎದುರಿಗೆ ಒಬ್ಬ ದಾಂಡಿಗ ಆ ಕುಕ್ಕರನ್ನು ಎತ್ತಿ ಹಿಡಿದ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಮೇಣದ ಬತ್ತಿ, ಊದುಬತ್ತಿ — ಬಿಸಿಯಾಗುವ, ಉರಿಯುವ ಯಾವುದನ್ನೂ ಹಡಗಿನ ಕೋಣೆಗೆ ಒಯ್ಯುವಂತಿಲ್ಲ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡುವುದೆಲ್ಲಿಗೆ? ನ್ಯಾಯವೇ. ಕುಕ್ಕರಿಗೆ ಚೀಟಿ ಬರೆದುಕೊಟ್ಟು, ಇಳಿಯುವ ದಿನ ವಾಪಸ್ ಕೊಡುವುದಾಗಿ ಹೇಳಿದರು. ಮಗಳು ಆ ಮೇಲೆ ಅರ್ಧ ಗಂಟೆ ನನ್ನ ಜೊತೆ ಮಾತಾಡಲಿಲ್ಲ. ಮೊಮ್ಮಕ್ಕಳು ಮಾತ್ರ ನಕ್ಕಿದ್ದೇ ನಕ್ಕಿದ್ದು.

ನೀರಿನ ಮೇಲೊಂದು ಪೇಟೆ

ಹಡಗು ಎಂದರೆ ನನ್ನ ಕಣ್ಣಿಗೆ ಮಲ್ಪೆ ಬಂದರಿನ ದೋಣಿಗಳು. ಇದು ಹದಿನಾರು ಅಂತಸ್ತಿನ ಮನೆ! ಮೂರು ಸಾವಿರ ಪ್ರಯಾಣಿಕರು, ಸಾವಿರಕ್ಕೂ ಮೇಲ್ಪಟ್ಟು ಕೆಲಸದವರು. ಒಳಗೆ ಬಟ್ಟೆ ಅಂಗಡಿ, ನಾಟಕದ ಸಭಾಂಗಣ, ಈಜುಕೊಳ, ಪುಸ್ತಕದ ಮನೆ, ಜೂಜುಕಟ್ಟೆ. ಮೊದಲ ಎರಡು ದಿನ ದಾರಿ ತಪ್ಪದೆ ಒಮ್ಮೆಯಾದರೂ ಕೋಣೆ ಸೇರಿದ್ದಿಲ್ಲ. ಕೊನೆಗೆ ಮೊಮ್ಮಗ ಒಂದು ಉಪಾಯ ಹೇಳಿಕೊಟ್ಟ. ನೆಲಹಾಸಿನ ಮೇಲಿನ ಮೀನಿನ ಚಿತ್ರಗಳು ಯಾವ ಕಡೆ ಮುಖ ಮಾಡಿವೆಯೋ ಅದೇ ಹಡಗಿನ ಮುಂಭಾಗವಂತೆ. ಹಾಗೆ ಮೀನು ಹಿಡಿದು ನಡೆಯಲು ಕಲಿತೆ.

ನಮ್ಮ ಕೋಣೆಗೆ ಕಿಟಕಿಯಿಲ್ಲ. ಹಡಗಿನ ಒಳಮಗ್ಗುಲಿನ ಕೋಣೆಗಳು ಅಗ್ಗ. ಹೊರಗೆ ಬಾಲ್ಕನಿ ಬೇಕೆಂದರೆ ಹಣ ಜಾಸ್ತಿ. ನಾನೇ ಒಳಕೋಣೆ ಸಾಕೆಂದಿದ್ದೆ, ಮಲಗಲು ತಾನೆ ಎಂದು. ಕೆಳಗೆ ಎರಡು ಮಂಚ. ರಾತ್ರಿ ಗೋಡೆಯಿಂದ ಇನ್ನೆರಡು ಮಂಚ ರೈಲಿನಲ್ಲಿದ್ದಂತೆ ಇಳಿಯುತ್ತವೆ. ದೀಪ ಆರಿಸಿದರೆ ಅಮಾವಾಸ್ಯೆ, ಹಾಕಿದರೆ ಹಗಲು. ಹೊರಗಡೆಯೋ ಇದಕ್ಕೆ ತದ್ವಿರುದ್ಧ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಗೆ, ಹುಟ್ಟುವುದು ನಾಲ್ಕು ಗಂಟೆಯ ಒಳಗೆ! ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತು ಯಾವುದು ಎಂದೇ ತಿಳಿಯಲಿಲ್ಲ. ಹೇಗೂ ಕಡ್ಡಿ ಗೀರುವಂತಿಲ್ಲ. ಕಣ್ಣು ಮುಚ್ಚಿ ಕೈ ಮುಗಿದು ಅಲ್ಲಿಗೆ ಬಿಟ್ಟೆ.

ಎರಡನೆಯ ದಿನ ಪೂರ್ತಿ ಸಮುದ್ರ. ಅಲಾಸ್ಕಾದ ದಕ್ಷಿಣದ ಕರಾವಳಿಗೆ ಸಾವಿರಾರು ದ್ವೀಪಗಳ ಗೋಡೆಯಿದೆ. ಆ ದ್ವೀಪಗಳ ಒಳಗಿನ ದಾರಿಯಲ್ಲಿ ನೀರು ಕೆರೆಯಂತೆ ಶಾಂತ. ಆದರೆ ಅಲ್ಲಿಗೆ ಸೇರುವವರೆಗೆ ಪೆಸಿಫಿಕ್ ಸಾಗರದ ಬಯಲಿನಲ್ಲಿ ಹೋಗಬೇಕು. ಮಗಳು ಬೆಳಿಗ್ಗೆಯೇ ಮಂಚ ಹಿಡಿದಳು. ನನಗೂ ಹೊಟ್ಟೆಯಲ್ಲಿ ಮಜ್ಜಿಗೆ ಕಡೆದಂತೆ. ಅಂಗಡಿಯಿಂದ ತಂದಿದ್ದ ಶುಂಠಿ ಪೆಪ್ಪರಮಿಂಟು ಬಾಯಲ್ಲಿಟ್ಟುಕೊಂಡು ಕಣ್ಣುಮುಚ್ಚಿ ಕೂತಿದ್ದಾಗ ಬಾಗಿಲು ಬಡಿದ ಸದ್ದು. ಕೋಣೆ ಚೊಕ್ಕಟ ಮಾಡುವ ಹುಡುಗ. ಇಪ್ಪತ್ತೆಂಟು ಮೂವತ್ತರ ಪ್ರಾಯ, ಬಿಳಿ ಅಂಗಿ, ಎದೆಯ ಬಿಲ್ಲೆಯ ಮೇಲೆ ಹೆಸರು, ಹೆಸರಿನ ಕೆಳಗೆ 'ಇಂಡಿಯಾ'. ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾನು ಮೊಮ್ಮಗನಿಗೆ, "ಆಮೇಲೆ ಬರಲಿಕ್ಕೆ ಹೇಳು ಮಗಾ, ಅಮ್ಮ ಮಲಗಿದಾಳೆ" ಎಂದೆ.

"ಅಯ್ಯೋ, ನೀವು ಕನ್ನಡದೋರಾ ಅಮ್ಮ? ನಂದು ಕುಂದಾಪ್ರ ಬದಿ!"

ಬಾಳೆಬರೆ ಘಾಟಿಯ ಮೇಲಿನವಳು ನಾನು, ಕೆಳಗಿನವನು ಅವನು. ಭೂಮಿಯ ತುದಿಯಲ್ಲಿ ಹೀಗೆ ಸಿಕ್ಕಿದರೆ ಹೇಗಾಗಬೇಡ! ಹತ್ತು ನಿಮಿಷದಲ್ಲಿ ಅವನು ಎರಡು ಹಸಿರು ಸೇಬು, ಉಪ್ಪು ಬಿಸ್ಕತ್ತು ತಂದು ಮಗಳ ತಲೆದಸಿ ಇಟ್ಟ. ಕಡಲ ರೋಗಕ್ಕೆ ಹಡಗಿನವರ ಮನೆಮದ್ದು ಅದೇ ಅಂತೆ. ಮಧ್ಯಾಹ್ನದ ಹೊತ್ತಿಗೆ ಮಗಳು ಎದ್ದು ಕೂತಳು.

ಊಟದ ವಿಷಯ

ಈ ಪುಟಗಳಲ್ಲಿ ಊಟದ ವಿಷಯ ಹೇಳದಿದ್ದರೆ ಯಾರೂ ಕ್ಷಮಿಸಲಾರರು. ಬೆಳಗಿನ ಐದೂವರೆಯಿಂದ ನಡುರಾತ್ರಿಯವರೆಗೆ ಯಾವುದಾದರೊಂದು ಊಟದ ಮನೆ ತೆರೆದೇ ಇರುತ್ತದೆ. ಅದರ ಬಾಗಿಲಲ್ಲಿ ಕೈ ತೊಳೆಯುವ ತೊಟ್ಟಿಗಳು. ಪಕ್ಕದಲ್ಲಿ ಒಬ್ಬ ಹುಡುಗಿ ನಿಂತು ಕೈ ತೊಳೆಯಿರೆಂದು ಹಾಡಿ ಕರೆಯುತ್ತಾಳೆ. ಒಬ್ಬರಿಗೆ ವಾಂತಿಭೇದಿ ಹತ್ತಿದರೆ ಮೂರು ಸಾವಿರ ಜನಕ್ಕೂ ಹರಡುವ ಜಾಗವಾದ್ದರಿಂದ ಈ ಎಚ್ಚರ. ನಮ್ಮ ಮದುವೆ ಮನೆಗಳಲ್ಲೂ ಇಂಥವಳೊಬ್ಬಳಿದ್ದರೆ ಒಳ್ಳೆಯದು.

ಸಸ್ಯಾಹಾರಿಗಳು ಟಿಕೆಟ್ ತೆಗೆಯುವಾಗಲೇ ತಿಳಿಸಬೇಕು. ಹಿಂದಿನ ರಾತ್ರಿ ಬಡಿಸುವವನಿಗೆ ಮತ್ತೆ ನೆನಪಿಸಿದರೆ ಮಾರನೆಯ ದಿನ ಭಾರತೀಯ ಅಡಿಗೆ ಬರುತ್ತದೆ. ಅಡಿಗೆ ಕೆಟ್ಟದಾಗಿರಲಿಲ್ಲ. ಆದರೆ ಪನೀರಿಗೂ ಬಟಾಣಿಗೂ ಬೇಳೆಗೂ ಒಂದೇ ಟೊಮೇಟೊ ಗೊಜ್ಜು! ಮೂರನೆಯ ದಿನಕ್ಕೆ ಮೊಸರನ್ನದ ಆಸೆ ಹುಟ್ಟಿತು. ಬರೀ ಅನ್ನ, ಬರೀ ಮೊಸರು ಕೊಡಪ್ಪಾ ಎಂದು ಫಿಲಿಪೈನ್ಸ್ ದೇಶದ ಆ ಬಡಿಸುವವನಿಗೆ ಹೇಳಿಸಿದೆ. ತಂದದ್ದು ಸ್ಟ್ರಾಬೆರಿ ಮೊಸರು. ಮಾರನೆಯ ದಿನದಿಂದ ತಪ್ಪದೆ ಬಿಳಿ ಮೊಸರು, ಮೆತ್ತಗೆ ಬೇಯಿಸಿದ ಅನ್ನ, ಕೇಳದೆಯೇ ಒಂದು ಬಟ್ಟಲು ಸಣ್ಣಗೆ ಹೆಚ್ಚಿದ ಶುಂಠಿ. ಒಗ್ಗರಣೆಯಿಲ್ಲ, ಅಷ್ಟೇ. ಮನೆಯಲ್ಲಿ ಮಾಡಿದ ತಿಂಡಿ ಒಯ್ಯುವಂತಿಲ್ಲ, ಅಂಗಡಿಯ ಸೀಲು ಒಡೆಯದ ಪೊಟ್ಟಣಗಳಿಗೆ ಅಡ್ಡಿಯಿಲ್ಲ. ಸಿಯಾಟಲ್ಲಿನ ನಮ್ಮವರ ಅಂಗಡಿಯಿಂದ ತಂದಿದ್ದ ಚಟ್ನಿಪುಡಿ, ಮೈಸೂರುಪಾಕು ಆ ಲೆಕ್ಕದಲ್ಲಿ ಪಾರಾಗಿದ್ದವು.

ಹಾಸಿಗೆ ಮಡಿಸುವಂತಿಲ್ಲ, ತಟ್ಟೆ ಎತ್ತುವಂತಿಲ್ಲ, ಲೋಟ ತೊಳೆಯುವಂತಿಲ್ಲ. ಮೊದಲ ದಿನ ನಾನು ಹಾಸಿಗೆ ಮಡಿಸಿಟ್ಟಿದ್ದನ್ನು ಆ ಹುಡುಗ ಬಿಚ್ಚಿ ಪುನಃ ಹಾಸಿದ. "ಅಮ್ಮ, ಮಡ್ಸಬೇಡಿ. ಕೆಲಸ ಎರಡಾಗ್ತದೆ ನಂಗೆ" ಎಂದು ನಕ್ಕ. ಸಂಜೆ ಬಂದು ಮೇಲಿನ ಮಂಚ ಇಳಿಸಿ, ಟವಲಿನಲ್ಲಿ ಆನೆಯನ್ನೋ ಕೋತಿಯನ್ನೋ ಮಡಿಸಿ ಮಕ್ಕಳಿಗಾಗಿ ಇಟ್ಟು ಹೋಗುತ್ತಿದ್ದ. ಮದುವೆಯಾಗಿ ನಲವತ್ತೊಂದು ವರ್ಷಕ್ಕೆ ನನ್ನ ಹಾಸಿಗೆಯನ್ನು ಇನ್ನೊಬ್ಬರು ಹಾಸಿದ್ದು ಅದೇ ಮೊದಲು. ಸುಖವೆನ್ನಿಸಿತು, ಸುಳ್ಳು ಹೇಳಲಾರೆ. ಕೈಗೆ ಕೆಲಸವಿಲ್ಲದೆ ಒಂದು ಥರ ಕಸಿವಿಸಿಯೂ ಆಯಿತು.

ಒಂಬತ್ತು ತಿಂಗಳ ಕರಾರು ಅವನದು. ಫೆಬ್ರವರಿಯಲ್ಲಿ ಹತ್ತಿದವನು ಇಳಿಯುವುದು ನವೆಂಬರಿನಲ್ಲಿ. ವಾರಕ್ಕೊಂದು ರಜೆ ಎಂಬುದಿಲ್ಲ. ದಿನಕ್ಕೆ ಕನಿಷ್ಠ ಹತ್ತು ಗಂಟೆ ವಿಶ್ರಾಂತಿ ಕೊಡಲೇಬೇಕೆಂದು ಅಂತರರಾಷ್ಟ್ರೀಯ ಕಾನೂನು ಇದೆ. ಉಳಿದ ಹೊತ್ತು ಕೆಲಸ. ಅವರ ಕೋಣೆಗಳು ನೀರಿನ ಮಟ್ಟದಿಂದ ಕೆಳಗೆ, ಇಬ್ಬರಿಗೆ ಒಂದು. "ನಿಮ್ಮ ಕೋಣೆಗೆ ಕಿಟಕಿ ಇಲ್ಲ ಅಂತ ಬೇಜಾರು ಮಾಡ್ಬೇಡಿ ಅಮ್ಮ, ನಮ್ಗೂ ಇಲ್ಲ" ಅಂದ. ಮಂಗಳೂರು, ಉಡುಪಿ, ಗೋವೆಯ ಹುಡುಗರು ಹಡಗಿನ ಕೆಲಸಕ್ಕೆ ಹೋಗುವುದು ಹೊಸದಲ್ಲ. ತಮ್ಮ ಮಕ್ಕಳನ್ನು ಕಳಿಸುವ ಯೋಚನೆಯಿರುವ ತಾಯಂದಿರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕೇಂದ್ರ ಸರಕಾರದ ಲೈಸೆನ್ಸ್ ಇರುವ ಏಜೆಂಟರ ಮೂಲಕವೇ ಹೋಗಬೇಕು. ಕೆಲಸ ಕೊಡಿಸಲು ಹುಡುಗರಿಂದ ದುಡ್ಡು ಕೇಳುವುದು ಕಾನೂನಿಗೆ ವಿರುದ್ಧ. ಇವನು ಮೊದಲ ಸಲ ಹೊರಡುವಾಗ ಯಾರೋ ಒಬ್ಬನಿಗೆ ಲಕ್ಷಗಟ್ಟಲೆ ಕೊಟ್ಟು ಕೈಸುಟ್ಟುಕೊಂಡಿದ್ದನಂತೆ.

"ಮನೆಯಲ್ಲಿ ಯಾರ್ಯಾರಪ್ಪಾ?" ಎಂದು ಕೇಳಿದೆ.

"ಅಮ್ಮ ಇದ್ದಾರೆ. ಹೆಂಡತಿ ಈಗ ಅಪ್ಪನ ಮನೆಯಲ್ಲಿ. ದಿನ ಹತ್ರ ಬಂತು. ಚೊಚ್ಚಲು." ಹೇಳುತ್ತಾ ದಿಂಬಿನ ಚೀಲ ಬದಲಿಸುವುದನ್ನು ನಿಲ್ಲಿಸಲಿಲ್ಲ.

ಜೂನೋ ಪಟ್ಟಣದ ಸುದ್ದಿ

ಮೂರನೆಯ ದಿನ ಮಧ್ಯಾಹ್ನ ಜೂನೋ ತಲುಪಿದೆವು. ಇದು ಅಲಾಸ್ಕಾದ ರಾಜಧಾನಿ. ಹೊರಗಿನಿಂದ ಈ ಊರಿಗೆ ಬರಲು ರಸ್ತೆಯೇ ಇಲ್ಲ! ಹಿಂದೆ ಪರ್ವತ, ಹಿಮದ ಬಯಲು, ಮುಂದೆ ನೀರು. ಬಂದರೆ ಹಡಗಿನಲ್ಲಿ, ಇಲ್ಲವೇ ವಿಮಾನದಲ್ಲಿ. ರಷ್ಯದ ಚಕ್ರವರ್ತಿಯಿಂದ 1867ರಲ್ಲಿ 72 ಲಕ್ಷ ಡಾಲರಿಗೆ ಅಮೆರಿಕ ಕೊಂಡುಕೊಂಡ ನೆಲ ಇದು. ಈ ಮಂಜುಗಡ್ಡೆ ಕೊಂಡು ಮಾಡುವುದೇನೆಂದು ಆಗ ಎಷ್ಟೋ ಜನ ನಕ್ಕಿದ್ದರಂತೆ. ಊರಿಂದ ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಮೆಂಡೆನ್‌ಹಾಲ್ ಹಿಮನದಿ ನೋಡಿದೆವು. ಬೆಟ್ಟದ ಸಂದಿಯಿಂದ ಇಳಿದು ಬಂದು ಹಾಗೆಯೇ ಹೆಪ್ಪುಗಟ್ಟಿ ನಿಂತ ಹೊಳೆ. ಮಗಳು ಹಳೆಯ ಚಿತ್ರವೊಂದನ್ನು ತೋರಿಸಿದಳು. ಅದರಲ್ಲಿ ಹಿಮವಿದ್ದ ಜಾಗದಲ್ಲಿ ಈಗ ಸರೋವರವಿದೆ.

ಆ ಸಂಜೆ ಮಂಚ ಇಳಿಸಲು ಬಂದ ಹುಡುಗ ಮಾತಾಡಲಿಲ್ಲ. ಟವಲಿನ ಪ್ರಾಣಿಯನ್ನೂ ಮಾಡಲಿಲ್ಲ. ಏನೋ ಆಗಿದೆ ಎಂದು ನನಗೆ ಎದೆ ಹೊಡೆದುಕೊಂಡಿತು. "ಎಂತಾಯ್ತಪ್ಪಾ?" ಎಂದೆ. ಜೇಬಿನಿಂದ ಫೋನು ತೆಗೆದು ತೋರಿಸಿದ. ಹಳದಿ ಬಟ್ಟೆಯಲ್ಲಿ ಸುತ್ತಿದ ಕೂಸು, ಕಣ್ಣು ಬಿಗಿದು ಮುಚ್ಚಿಕೊಂಡಿದೆ.

"ಹೆಣ್ಣು, ಅಮ್ಮ. ಇಬ್ಬರೂ ಆರಾಮ ಅಂತೆ."

ಅಲ್ಲಿಗೂ ನಮ್ಮೂರಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಗು ಹುಟ್ಟಿದಾಗ ಹಡಗು ಸಮುದ್ರದಲ್ಲಿತ್ತು. ಹಡಗಿನ ಇಂಟರ್‌ನೆಟ್ಟಿಗೆ ಕೆಲಸದವರೂ ದುಡ್ಡು ಕೊಡಬೇಕು, ಅದು ಮುಗಿದಿತ್ತು. ಊರು ಹತ್ತಿರ ಬಂದು ಫೋನು ಹಿಡಿದಾಗ ಒಟ್ಟಿಗೇ ಇಪ್ಪತ್ತಾರು ಸಂದೇಶ ಬಂದವಂತೆ. ಅರ್ಧ ಗಂಟೆ ಬಿಡುವು ಕೇಳಿ, ಬಂದರಿನ ಕಟ್ಟೆಯ ಮೇಲೆ ನಿಂತು ಮಗುವಿನ ಅಳು ಕೇಳಿ ಬಂದಿದ್ದ.

ನಾನು ಮೈಸೂರುಪಾಕಿನ ಪೊಟ್ಟಣ ಒಡೆದು ಒಂದು ತುಂಡು ಅವನ ಕೈಗಿಟ್ಟೆ. ಪ್ರಯಾಣಿಕರದ್ದು ತಿನ್ನಬಾರದೆಂದು ನಿಯಮವಂತೆ. ಓಣಿಯ ಆಚೆ ಈಚೆ ನೋಡಿ ಬಾಯಿಗೆ ಹಾಕಿಕೊಂಡ. ಆ ಮೇಲೆ ಬೆರಳು ಮಡಿಸುತ್ತಾ ಲೆಕ್ಕ ಹಾಕಿದ. "ಹನ್ನೊಂದಕ್ಕೆ ತೊಟ್ಟಿಲಿಗೆ ಹಾಕೋದಲ್ದಾ ಅಮ್ಮ? ಬರೋ ಶುಕ್ರವಾರ ಅಲ್ಲ, ಅದರಾಚೆ ಶುಕ್ರವಾರ. ಅಲ್ಲಿ ಬೆಳಿಗ್ಗೆ ಅಂದ್ರೆ ಇಲ್ಲಿ ಗುರುವಾರ ರಾತ್ರಿ. ಗುರುವಾರ ನಾವು ಗ್ಲೇಸಿಯರ್ ಬೇ. ಅಲ್ಲಿಂದ ಹೊರಟ ಮೇಲೆ ರಾತ್ರಿಯೆಲ್ಲ ಫೋನ್ ಹಿಡಿಯೂದಿಲ್ಲ." ವಾರವಾರವೂ ಹಡಗು ಅದೇ ಊರು, ಅದೇ ದಿನ. ಅವನ ಪಂಚಾಂಗ ಅದೇ.

ಅವನು ಹೋದ ಮೇಲೆ ಮಗಳು ಮೇಲಿನ ಮಂಚದಲ್ಲಿ ಮಗನಿಗೆ ಹೊದಿಕೆ ಸರಿ ಮಾಡುತ್ತಾ, ನನ್ನ ಕಡೆ ತಿರುಗದೆ, "ಪಾಪ, ಇವನಾದರೂ ಹುಟ್ಟಿದ ದಿನವೇ ಫೋನ್ ಮಾಡಿದ" ಎಂದಳು.

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವಳ ಮೊದಲ ಹೆರಿಗೆಗೆ ನಾನು ತಲುಪಿದ್ದು ಇಪ್ಪತ್ತೆರಡು ದಿನ ತಡವಾಗಿ. ಪರದೇಶದಲ್ಲಿ ಚೊಚ್ಚಲ ಬಾಣಂತಿ, ಹಸಿಮೈ, ಗಂಡನಿಗೆ ನಾಲ್ಕು ದಿನ ರಜೆ. ವೀಸಾ ತಡವಾಯಿತು ಎಂದು ಎಲ್ಲರಿಗೂ ಹೇಳಿದ್ದೆ. ಅವಳಿಗೂ ಅದನ್ನೇ ಹೇಳಿದ್ದೆ.

ಮಾರನೆಯ ದಿನದ ಸ್ಕ್ಯಾಗ್‌ವೇ ಊರಿನಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. 1897-98ರಲ್ಲಿ ಕೆನಡಾದ ಕ್ಲಾಂಡೈಕಿನಲ್ಲಿ ಚಿನ್ನ ಸಿಕ್ಕಿತೆಂದು ಸಾವಿರಾರು ಗಂಡಸರು ಮನೆಮಠ ಬಿಟ್ಟು ಓಡಿಬಂದ ದಾರಿ ಅದು. ಗಡಿ ದಾಟಬೇಕಾದರೆ ಒಬ್ಬೊಬ್ಬನೂ ಒಂದು ವರ್ಷಕ್ಕಾಗುವ ದಿನಸಿ, ಸಾಮಾನು ಸೇರಿ ಸುಮಾರು ಒಂದು ಟನ್ ತೂಕ ಹೊತ್ತು ತರಬೇಕೆಂದು ಕೆನಡಾದ ಪೊಲೀಸರ ಕಟ್ಟಪ್ಪಣೆ. ಆ ಕಣಿವೆಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತವಂತೆ. 1900ರಲ್ಲಿ ಮುಗಿಸಿದ ಪುಟ್ಟ ರೈಲು ಈಗ ಪ್ರವಾಸಿಗಳನ್ನು ಹೊತ್ತು ಅದೇ ಪ್ರಪಾತದ ಅಂಚಿನಲ್ಲಿ ಏರುತ್ತದೆ. ಮಕ್ಕಳು ಕಿರುಚಿ ಕುಣಿದರು. ನಾನು ಆ ಗಂಡಸರ ಮನೆಗಳಲ್ಲಿ ಉಳಿದವರು ಏನು ಉಂಡರೋ ಎಂದು ಯೋಚಿಸುತ್ತಾ ಕೂತಿದ್ದೆ.

ಬಿಳಿ ಗುಡುಗು

ಐದನೆಯ ದಿನ ಗ್ಲೇಸಿಯರ್ ಬೇ. ಇಲ್ಲಿ ಹಡಗು ಎಲ್ಲಿಯೂ ನಿಲ್ಲುವುದಿಲ್ಲ, ಯಾರೂ ಇಳಿಯುವುದಿಲ್ಲ. ದಿನಕ್ಕೆ ಹೆಚ್ಚೆಂದರೆ ಎರಡು ದೊಡ್ಡ ಪ್ರಯಾಣಿಕ ಹಡಗುಗಳಿಗೆ ಮಾತ್ರ ಒಳಗೆ ಬರಲು ಅಪ್ಪಣೆ. ಬೆಳಿಗ್ಗೆ ಪುಟ್ಟ ದೋಣಿಯೊಂದು ಪಕ್ಕಕ್ಕೆ ಬಂದಿತು. ಟೋಪಿ ಹಾಕಿದ ಅರಣ್ಯದ ಅಧಿಕಾರಿಗಳು ಹಗ್ಗದ ಏಣಿ ಹಿಡಿದು, ಚಲಿಸುವ ಹಡಗನ್ನು ಹತ್ತಿದರು. ಅವರಲ್ಲಿ ಇಬ್ಬರು ಹೆಂಗಸರು! ದಿನವಿಡೀ ಧ್ವನಿವರ್ಧಕದಲ್ಲಿ ವಿವರ ಹೇಳಿದವಳು ಅವರಲ್ಲೊಬ್ಬಳು.

1794ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರನ ತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲ. ಹಿಮದ ಗೋಡೆಯಲ್ಲಿ ಐದು ಮೈಲಿಯ ಒಂದು ತಗ್ಗು ಕಂಡಿತು, ಅಷ್ಟೇ. 1879ರಲ್ಲಿ ಜಾನ್ ಮ್ಯೂರ್ ಎಂಬಾತ ಬಂದಾಗ ಹಿಮ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಅರವತ್ತೈದು ಮೈಲಿ ಉದ್ದದ ನೀರು. ನಾವು ತೇಲುತ್ತಿದ್ದುದು ಹಿಮವಿದ್ದ ಜಾಗದ ಮೇಲೆ.

ಮಾರ್ಜರಿ ಹಿಮನದಿಯ ಎದುರಿಗೆ ಹಡಗು ಉಸಿರು ಹಿಡಿದಂತೆ ನಿಂತು, ನಿಧಾನಕ್ಕೆ ತಿರುಗತೊಡಗಿತು. ಒಂದು ಮೈಲಿ ಅಗಲ. ನೀರಿನ ಮೇಲೆ ಸುಮಾರು 250 ಅಡಿ ಎತ್ತರ. ಬಿಳಿ ಎಂದುಕೊಂಡಿದ್ದೆ. ಅಲ್ಲ, ನೀಲಿ. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬಿಟ್ಟ ಕೂಡಲೇ ಒಂದು ಗಳಿಗೆ ಕಾಣುತ್ತದಲ್ಲ, ಆ ಬಣ್ಣ. ಮೂರು ಸಾವಿರ ಜನ ಕಟಕಟೆ ಹಿಡಿದು ನಿಂತರೂ ಗದ್ದಲವಿಲ್ಲ. ಆಗ ಎಲ್ಲಿಂದಲೋ ಗುಡುಗು. ಆಕಾಶ ನೋಡಿದರೆ ಮೋಡವಿಲ್ಲ. ಗುಡುಗು ಮುಗಿದ ಮೇಲೆ ಹಿಮದ ಗೋಡೆಯಿಂದ ಒಂದು ಕಂಬ ಕಳಚಿ, ಅವಸರವೇ ಇಲ್ಲದೆ ನೀರಿಗೆ ಬಿತ್ತು. ಇಲ್ಲಿನ ಟ್ಲಿಂಗಿಟ್ ಜನ ಇದನ್ನು ಬಿಳಿ ಗುಡುಗು ಎನ್ನುತ್ತಾರೆ.

ಆ ಜನರ ಒಂದು ಕತೆಯನ್ನು ಮಗಳು ಹಡಗಿನ ಪುಸ್ತಕದ ಮನೆಯಲ್ಲಿ ಓದಿ ಬಂದು ಹೇಳಿದಳು. ಈ ಕೊಲ್ಲಿಯ ಜಾಗದಲ್ಲಿ ಹಿಂದೆ ಅವರ ಊರಿತ್ತು. ಮೈನೆರೆದ ಹುಡುಗಿಯೊಬ್ಬಳನ್ನು ಪದ್ಧತಿಯಂತೆ ಬೇರೆ ಕೂರಿಸಿದ್ದರು. ನಮ್ಮಲ್ಲೂ ಇದ್ದ ಕ್ರಮವೇ, ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಂಟಿಯಾಗಿ ಕೂತು ಬೇಸತ್ತ ಅವಳು ಒಣಮೀನು ತೋರಿಸಿ, ನಾಯಿಯನ್ನು ಕರೆದಂತೆ ದೂರದ ಹಿಮವನ್ನು ಕರೆದಳಂತೆ. ಹಿಮ ಬಂದೇಬಿಟ್ಟಿತು. ಊರೆಲ್ಲ ದೋಣಿ ಹತ್ತಿ ಹೊರಟಿತು. ಕರೆದವಳು ಅವಳಾದ್ದರಿಂದ ಅವಳು ಅಲ್ಲಿಯೇ ಉಳಿದಳು ಎಂದು ಕೆಲವರು ಹೇಳುತ್ತಾರೆ. ಅವಳ ಬದಲಿಗೆ ಮನೆಯ ಮುದುಕಿ ಉಳಿದಳು ಎಂದು ಇನ್ನು ಕೆಲವರು.

"ನಿನಗೆ ಯಾವುದು ಸರಿ ಕಾಣ್ತದೆ ಅಮ್ಮ?" ಎಂದಳು ಮಗಳು.

ಚಳಿಗೆ ನನ್ನ ಮೂಗು ಸೋರುತ್ತಿತ್ತು. ಅಳಿಯನ ಜಾಕೀಟು, ಅದರೊಳಗೆ ಸೀರೆ, ಕಾಲಿಗೆ ಎರಡು ಜೊತೆ ಕಾಲುಚೀಲ. ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇನ್ನು ಸಿಗಲಾರದು ಎಂದುಕೊಂಡೆ.

"ನಿನ್ನ ಮೊದಲ ಬಾಣಂತನಕ್ಕೆ ವೀಸಾ ತಡವಾಗಲಿಲ್ಲ ಕಣೇ. ಹೆರಿಗೆಗೆ ಒಂದು ತಿಂಗಳು ಮುಂಚೆಯೇ ಕೈಗೆ ಬಂದಿತ್ತು. ನಿನ್ನ ಅಜ್ಜನ ವರ್ಷಾಬ್ದಿಕ ಇತ್ತಲ್ಲ. ಹಿರಿ ಸೊಸೆ ವರ್ಷಾಬ್ದಿಕಕ್ಕೆ ನಿಲ್ಲದೆ ಅಮೆರಿಕಕ್ಕೆ ಹೋದಳು ಅಂತ ಆಡಿಕೊಳ್ತಾರೆ ಅಂತ ನಿನ್ನಜ್ಜಿ ಹೇಳಿದರು. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. ನಿನ್ನ ಹತ್ತಿರ ಸುಳ್ಳು ಹೇಳಿದೆ."

ಅವಳು ಹಿಮದ ಕಡೆಯೇ ನೋಡುತ್ತಿದ್ದಳು. "ಗೊತ್ತಿತ್ತು. ಅಪ್ಪ ಆವಾಗಲೇ ಹೇಳಿದ್ರು."

"ಮತ್ತೆ ಇಷ್ಟು ವರ್ಷ ಕೇಳಲಿಲ್ಲವಲ್ಲೇ?"

"ನೀನು ಹೇಳ್ತೀಯೇನೋ ಅಂತ ಕಾಯ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಇವಳು ರಾತ್ರಿಯೆಲ್ಲ ಅಳ್ತಿದ್ಲು. ಎದೆ ಕಟ್ಟಿ ಜ್ವರ ಬಂದಿತ್ತು. ಯಾರನ್ನ ಕೇಳೋದು ಅಂತ ಗೊತ್ತಾಗ್ತಿರಲಿಲ್ಲ. ನಿನಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ಮನೆ ತುಂಬ ನೆಂಟರು" ಎಂದಳು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಮಗಳು ಹೆಚ್ಚು ಮಾತಿನವಳಲ್ಲ, ಅಪ್ಪನ ಹಾಗೆ. ಬಿಸಿ ಚಾಕೊಲೇಟ್ ತರುತ್ತೇನೆಂದು ಹೋದಳು. ಎರಡು ಲೋಟ ತಂದಳು.

ಹಿಂದಿರುಗುವಾಗ ಕೊಲ್ಲಿಯ ಬಾಯಿಯಲ್ಲಿ ತಿಮಿಂಗಿಲಗಳು ಕಂಡವು. ತಾಯಿ, ಪಕ್ಕದಲ್ಲಿ ಮರಿ. ಚಳಿಗಾಲದಲ್ಲಿ ಹವಾಯಿ ದ್ವೀಪಗಳ ಬೆಚ್ಚನೆಯ ನೀರಿಗೆ ಹೋಗಿ ಮರಿ ಹಾಕುತ್ತವೆ. ಅಲ್ಲಿ ತಾಯಿಗೆ ಆಹಾರ ಸಿಗುವುದಿಲ್ಲ. ತಿಂಗಳುಗಟ್ಟಲೆ ಉಪವಾಸವಿದ್ದು, ಮರಿಗೆ ಹಾಲೂಡುತ್ತಾ ಸಾವಿರಾರು ಮೈಲಿ ಈಜಿ ಇಲ್ಲಿಗೆ ಬಂದು ಉಣ್ಣುತ್ತದೆ. "ಬಾಣಂತಿಗೆ ಪಥ್ಯ ಅಂದರೆ ಇದಪ್ಪಾ" ಎಂದೆ. ಮಗಳು ನಕ್ಕಳು.

ಕೊನೆಯ ದಿನಗಳು

ಆರನೆಯ ದಿನ ಕೆಚಿಕನ್. ವರ್ಷಕ್ಕೆ ಸುಮಾರು 150 ಅಂಗುಲ ಮಳೆ ಸುರಿಯುತ್ತದೆಂದು ಅಲ್ಲಿಯವರಿಗೆ ಬಹಳ ಹೆಮ್ಮೆ. ಮಳೆಗೆ ಅವರು ನೀರುಬಿಸಿಲು ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಆಗುಂಬೆಯ ಅರ್ಧ ಎಂದು ನಾನು ಕೊಡೆ ಬಿಚ್ಚಿ ನಡೆದೆ. ಆದರೆ ಆ ಕಾಡು ನೋಡಿ ನನಗೆ ಊರು ನೆನಪಾಯಿತು. ಮರದ ಮೈತುಂಬ ಪಾಚಿ, ನೆಲದಲ್ಲಿ ಜರಿಗಿಡ, ಎಲ್ಲೆಲ್ಲೂ ಒಸರುವ ನೀರು. ತೊರೆಯ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮರದ ಬೀದಿ, ಗರುಡ, ಕಾಗೆ, ಕರಡಿಗಳನ್ನು ಒಂದರ ಮೇಲೊಂದು ಕೆತ್ತಿದ ಎತ್ತರದ ಟೋಟೆಮ್ ಕಂಬಗಳು. ಜಿಗಣೆಗಳಿಲ್ಲ, ಅದೊಂದೇ ಕೊರತೆ!

ಏಳನೆಯ ದಿನ ರಾತ್ರಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲಿಸುತ್ತಾರೆ. ಊರು ತೋರಿಸುವ ಪ್ರೀತಿಯಿಂದಲ್ಲ. ಪರದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಬರುವಂತಿಲ್ಲ ಎಂದು 1886ರ ಕಾನೂನೊಂದಿದೆ. ಆದ್ದರಿಂದ ಊರಿನಿಂದ ಹೋಗುವವರು ಕೆನಡಾ ವೀಸಾವನ್ನೂ ಮಾಡಿಸಿಕೊಂಡಿರಬೇಕು, ಅಮೆರಿಕದ ವೀಸಾ ಮತ್ತೆ ಒಳಬರಲು ಅನುಮತಿ ಇರುವಂಥದ್ದಾಗಿರಬೇಕು.

ಆ ರಾತ್ರಿ ಹುಡುಗ ಬಂದ. ಕೆಲಸದವರ ಇನಾಮನ್ನು ದಿನದ ಲೆಕ್ಕದಲ್ಲಿ ಟಿಕೆಟ್ಟಿನ ಜೊತೆಗೇ ಸೇರಿಸಿರುತ್ತಾರೆ. ಆದರೂ ಕೂಸಿಗೆಂದು ನಾನು ಲಕೋಟೆಯಲ್ಲಿ ಐವತ್ತೊಂದು ಡಾಲರ್ ಹಾಕಿ ಇಟ್ಟಿದ್ದೆ. "ಆ ಒಂದು ಡಾಲರ್ ಯಾಕಜ್ಜಿ?" ಎಂದು ಮೊಮ್ಮಗ ಕೇಳುತ್ತಲೇ ಇದ್ದ. ಹುಡುಗ ಲಕೋಟೆಯನ್ನು ಕಣ್ಣಿಗೊತ್ತಿಕೊಂಡ. ಆ ಮೇಲೆ ಗಾಡಿಯ ಅಡಿಯಿಂದ ಒಂದು ಚಿಕ್ಕ ಪೊಟ್ಟಣ ತೆಗೆದ. ಜೂನೋದ ಅಂಗಡಿಯಲ್ಲಿ ಕೊಂಡ ಕೆಂಪು ಉಣ್ಣೆಯ ಟೋಪಿ, ಅದರ ಮೇಲೆ ಬಿಳಿ ತಿಮಿಂಗಿಲ.

"ಅಂಚೆಯಲ್ಲಿ ಕಳಿಸಿದ್ರೆ ಸಿಗ್ತದೋ ಇಲ್ವೋ. ನೀವು ಊರಿಗೆ ಹೋದಾಗ, ತೊಂದರೆ ಇಲ್ಲದಿದ್ರೆ..."

"ತೊಂದರೆ ಎಂತದೋ, ಘಾಟಿ ಇಳಿದರೆ ನಿಮ್ಮೂರು" ಎಂದು ತೆಗೆದುಕೊಂಡೆ.

ಕುಕ್ಕರನ್ನು ವಾಪಸ್ ಪಡೆಯುವುದನ್ನು ಮಾರನೆಯ ದಿನ ನಾನೇ ಮರೆತೆ. ಮಗಳು ಚೀಟಿ ಹುಡುಕಿ, ಸಾಲಿನಲ್ಲಿ ನಿಂತು ತಂದಳು.

ಸೆಪ್ಟೆಂಬರ್ ಕೊನೆಗೆ ಊರಿಗೆ ಬಂದೆ. ಔಷಧಿ ಹೊಡೆಸುವುದು ಮುಗಿದಿತ್ತು, ನಮ್ಮವರಿಗೆ ಬಿಡುವಿತ್ತು. ಹುಲಿಕಲ್ಲಿನ ಮೇಲೆ ಹಾದು ಬಾಳೆಬರೆ ಘಾಟಿ ಇಳಿದು ಕುಂದಾಪುರದಾಚೆಯ ಆ ಹಳ್ಳಿ ಹುಡುಕಿಕೊಂಡು ಹೋದೆವು. ಬಾಣಂತಿಯ ತಾಯಿ ಮಗುವಿಗೆ ನೀರೆರೆದು ಆಗಷ್ಟೇ ಒಳಗೆ ತಂದಿದ್ದರು. ಮೂರು ತಿಂಗಳ ಗುಂಡು ಕೂಸು, ಅಪ್ಪನದೇ ಹಣೆ. ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲಿಗೆ ಹಾಕಿದರು. ಟೋಪಿ ತೊಡಿಸಿದೆ. ಕರಾವಳಿಯ ಆ ಸೆಖೆಯಲ್ಲಿ ಉಣ್ಣೆಯ ಟೋಪಿ! ಎರಡು ಗಳಿಗೆಯಲ್ಲಿ ಮಗುವಿನ ಮುಖ ಟೋಪಿಗಿಂತ ಕೆಂಪಾಗಿ ಅಳಲು ಶುರುಮಾಡಿತು.

ಅಷ್ಟರಲ್ಲಿ ಬಾಣಂತಿಯ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅವನು, ಹಿಂದೆ ಬಂದರಿನ ಕಂಬ, ಜಿನುಗು ಮಳೆ. "ಟೋಪಿ ತೆಗಿಬೇಡ, ತೆಗಿಬೇಡ, ಒಂದ್ ನಿಮಿಷ ನೋಡ್ತೆ" ಎಂದ. ಅವಳು ಬೀಸಣಿಗೆಯಿಂದ ಮಗುವಿಗೆ ಗಾಳಿ ಹಾಕುತ್ತಾ ಫೋನನ್ನು ಹತ್ತಿರ ಹಿಡಿದಳು.